ಲಾಭವೂ ಲೋಕಸಂಗ್ರಹವೂ

ಅರ್ಥವನ್ನು ಪುರುಷಾರ್ಥಗಳಲ್ಲಿ ಒಂದೆಂದು ಎಣಿಸಿದ ನಮ್ಮ ಪೂರ್ವಿಕರು ಧನಾರ್ಜನೆಯನ್ನು ಹೇಯವಾದ ವೃತ್ತಿಯೆಂದು ಬಗೆದವರಲ್ಲ. ಧರ್ಮಕಾಮಗಳೆರಡೂ ಅರ್ಥವನ್ನೇ ಮೂಲವಾಗಿ ಉಳ್ಳವುಗಳೆಂದು ಕೌಟಿಲ್ಯನು ಸಂಕೋಚವಿಲ್ಲದೆ ಹೇಳಿದನು. ಧರ್ಮಶಾಸ್ತ್ರಕಾರರೂ ಗೃಹಸ್ಥನ ಗಳಿಕೆಗೆ ನಿಯಮಗಳನ್ನು ವಿಧಿಸಿದರೇ ಹೊರತು ಗಳಿಕೆಯನ್ನೇ ನಿಷೇಧಿಸಲಿಲ್ಲ. ಆದಕಾರಣ ವಾಣಿಜ್ಯವನ್ನು ಕುರಿತ ಧರ್ಮಜಿಜ್ಞಾಸೆಯಲ್ಲಿ ಲಾಭವು ಯುಕ್ತವೋ ಅಯುಕ್ತವೋ ಎಂಬ ವಿಚಾರಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆಯಿದೆ: ಉದ್ಯಮವೊಂದನ್ನು ನಡೆಸತಕ್ಕವನು ತನ್ನ ಲೆಕ್ಕಾಚಾರದಲ್ಲಿ ಯಾವುದನ್ನು ಅಚಲವೆಂದು ಹಿಡಿಯಬೇಕು, ಯಾವುದನ್ನು ಅದಕ್ಕೆ ತಕ್ಕಂತೆ ಬಾಗಿಸಬೇಕು? ಈ ಪ್ರಶ್ನೆಗೆ ಕೊಡುವ ಉತ್ತರದಿಂದಲೇ ಒಂದು ಉದ್ಯಮದ ಸ್ವಭಾವವೂ ಅದನ್ನು ನಡೆಸುವವನ ಅಂತರಂಗವೂ ರೂಪುಗೊಳ್ಳುತ್ತವೆಂದು ನನ್ನ ನಂಬಿಕೆ.

ದೊಡ್ಡ ವಾಣಿಜ್ಯಸಂಸ್ಥೆಗಳ ವ್ಯವಸ್ಥಾಪಕರು ಸಾಮಾನ್ಯವಾಗಿ ಹಿಡಿಯುವ ಕ್ರಮ ಎಲ್ಲರಿಗೂ ತಿಳಿದದ್ದೇ. ಬಂಡವಾಳ ಹೂಡಿದವರಿಗೆ ವರ್ಷಕ್ಕೆ ಇಷ್ಟು ಪ್ರತಿಫಲ ಬರಬೇಕೆಂಬುದು ಮೊದಲು ನಿಶ್ಚಯವಾಗುತ್ತದೆ; ಆ ಪ್ರತಿಫಲಕ್ಕೆ ಸಾಕಾಗುವಷ್ಟು ಬೆಲೆ ಕೊಡಬಲ್ಲ ಗಿರಾಕಿ ಯಾರೆಂಬುದು ಆಮೇಲೆ; ಕೊಡಲಾರದವನು ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದೆ ಉಳಿಯುತ್ತಾನೆ. ಅವನ ಮೇಲೆ ಯಾರಿಗೂ ದ್ವೇಷವಿಲ್ಲ. ಅವನು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಈಚಿನ ಕೆಲವು ದಶಕಗಳಲ್ಲಿ ಸಾಮಾಜಿಕ ಉದ್ಯಮಗಳೆಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಪ್ರಯತ್ನಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ. ದಾನಿಗಳ ಕೃಪೆಯನ್ನೇ ನೆಚ್ಚಿದ ಧರ್ಮಸಂಸ್ಥೆಯೂ ಆಗಿರದೆ, ಒಡೆಯನ ಲಾಭಕ್ಕೆಂದೇ ಹುಟ್ಟಿದ ಅಂಗಡಿಯೂ ಆಗಿರದೆ, ಸಮಾಜದ ಒಂದು ನಿರ್ದಿಷ್ಟ ದುಃಖವನ್ನು ಪರಿಹರಿಸುವುದೇ ತನ್ನ ಹುಟ್ಟಿನ ಕಾರಣವೆಂದು ಒಪ್ಪಿಕೊಂಡು, ಆ ಕೆಲಸದ ವೆಚ್ಚವನ್ನು ಆ ಕೆಲಸದಿಂದಲೇ ದುಡಿದು ಸ್ವಂತ ಕಾಲಮೇಲೆ ನಿಲ್ಲಲು ಇಂಥ ಉದ್ಯಮವು ಯತ್ನಿಸುತ್ತದೆ. ವ್ಯವಸ್ಥಾಪಕರು ಇದನ್ನು ಗೌರವದಿಂದಲೇ ನೋಡುತ್ತಾರೆ; ಆದರೆ ಪುಣ್ಯಕಾರ್ಯ ಬೇರೆ, ವ್ಯವಹಾರ ಬೇರೆ ಎಂದು ಮನಸ್ಸಿನಲ್ಲಿ ಗೆರೆಯೆಳೆದುಕೊಂಡು ನೋಡುತ್ತಾರೆ. ಆ ಗೆರೆಯೇ ತಪ್ಪು ಸ್ಥಳದಲ್ಲಿದೆಯೆಂದು ನನಗೆ ತೋರುತ್ತದೆ.

ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. 1918ರಲ್ಲಿ ತಮಿಳುನಾಡಿನ ವಡಮಲಾಪುರವೆಂಬ ಹಳ್ಳಿಯ ಒಕ್ಕಲುಮನೆಯಲ್ಲಿ ಹುಟ್ಟಿದ ಗೋವಿಂದಪ್ಪ ವೆಂಕಟಸ್ವಾಮಿಯವರು, ಸೈನ್ಯದಲ್ಲಿ ವೈದ್ಯರಾಗಿದ್ದು, ತಾರುಣ್ಯದಲ್ಲಿಯೇ ಸಂಧಿವಾತಕ್ಕೆ ತುತ್ತಾಗಿ ಕೈಬೆರಳುಗಳೆಲ್ಲ ಸೊಟ್ಟಗಾಗಲು, ಪ್ರಸೂತಿವೈದ್ಯರಾಗಬೇಕೆಂಬ ಆಸೆಯನ್ನು ತೊರೆದು ನೇತ್ರಚಿಕಿತ್ಸೆಯನ್ನು ಕೈಕೊಂಡು, ವಕ್ರವಾದ ಆ ಬೆರಳುಗಳಿಗೆ ಹೊಂದುವಂತೆ ಉಪಕರಣಗಳನ್ನು ಮಾಡಿಸಿಕೊಂಡು, ಜೀವಮಾನದಲ್ಲಿ ಒಂದು ಲಕ್ಷಕ್ಕೂ ಮಿಗಿಲಾದ ಶಸ್ತ್ರಚಿಕಿತ್ಸೆಗಳನ್ನು ನೆರವೇರಿಸಿದರು. 1976ರಲ್ಲಿ ಸರಕಾರಿ ಸೇವೆಯಿಂದ ನಿವೃತ್ತರಾದಾಗ ಅವರಿಗೆ 58 ವರ್ಷ. ಅನ್ಯರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ ಅವರು ತಮ್ಮ ಒಡಹುಟ್ಟಿದವರನ್ನು ಜೊತೆಗೂಡಿಸಿಕೊಂಡು, ಮನೆಯನ್ನು ಅಡವಿಟ್ಟು, ಮನೆಯವರ ಒಡವೆಗಳನ್ನು ಗಿರವಿಯಿಟ್ಟು, ಮದುರೆಯಲ್ಲಿ 11 ಹಾಸಿಗೆಗಳ ಒಂದು ಸಣ್ಣ ಚಿಕಿತ್ಸಾಲಯವನ್ನು ತೆರೆದರು. ಶ್ರೀ ಅರವಿಂದರ ಯೋಗಮಾರ್ಗದಲ್ಲಿ ನಿಷ್ಠೆಯಿದ್ದ ಅವರು ಆಸ್ಪತ್ರೆಗೆ ಆ ಮಹನೀಯರ ಹೆಸರನ್ನೇ ಇಟ್ಟರು. ಕರ್ಮವೇ ಸಾಧನೆಯೆಂಬ ಆ ದರ್ಶನವು ಅವರ ಪಾಲಿಗೆ ಪೂಜಾಗೃಹದಲ್ಲಿ ನಿಂತುಹೋಗುವಂಥದಾಗಿರಲಿಲ್ಲ.

ಅವರು ಅಚಲವೆಂದು ಹಿಡಿದ ವಸ್ತು ಒಂದೇ: ನಿವಾರಿಸಬಹುದಾದ ಕುರುಡು ಯಾರ ಕಣ್ಣಿನಲ್ಲಿಯೂ ಹಣವಿಲ್ಲವೆಂಬ ಕಾರಣಕ್ಕಾಗಿ ಉಳಿಯಕೂಡದು. ಭಾರತದ ಅಂಧತ್ವದಲ್ಲಿ ಬಹುಪಾಲು ಕಣ್ಣಿನ ಪೊರೆಯಿಂದ ಬಂದದ್ದು. ಪೊರೆಯೋ, ಕೆಲವೇ ನಿಮಿಷಗಳ ಶಸ್ತ್ರಕ್ರಿಯೆಯಿಂದ ಹೋಗತಕ್ಕದ್ದು. ಈ ಒಂದನ್ನು ಕದಲಿಸಲಾರೆನೆಂದು ಅವರು ನಿರ್ಧರಿಸಿದ ಮೇಲೆ ಉಳಿದದ್ದೆಲ್ಲವೂ ಬಾಗಲೇಬೇಕಾಯಿತು. ಶಸ್ತ್ರವೈದ್ಯನ ಸಮಯವು ಎಲ್ಲಕ್ಕಿಂತ ದುರ್ಲಭವಾದ ಸಾಮಗ್ರಿಯಾದ್ದರಿಂದ, ಅವನಿಂದಲೇ ಆಗಬೇಕಾದ ಕೆಲಸವನ್ನು ಮಾತ್ರ ಅವನಿಗೆ ಉಳಿಸಿ, ದೃಷ್ಟಿಪರೀಕ್ಷೆ, ಸಿದ್ಧತೆ, ಶುಶ್ರೂಷೆ, ಸಮಾಧಾನದ ಮಾತು ಮುಂತಾದವನ್ನೆಲ್ಲ ಹಳ್ಳಿಗಳಿಂದ ಆರಿಸಿ ತಂದು ಎರಡು ವರ್ಷ ಶಿಕ್ಷಣ ಕೊಟ್ಟ ತರುಣಿಯರಿಗೆ ಒಪ್ಪಿಸಲಾಯಿತು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮೇಜುಗಳು ಅಕ್ಕಪಕ್ಕದಲ್ಲಿರುತ್ತವೆ. ಒಬ್ಬ ರೋಗಿಯ ಕಣ್ಣಿನ ಕೆಲಸ ಮುಗಿಯುವ ವೇಳೆಗೆ ಪಕ್ಕದ ಮೇಜಿನ ಮೇಲೆ ಇನ್ನೊಬ್ಬ ರೋಗಿ ಸಿದ್ಧನಾಗಿರುತ್ತಾನೆ. ವೈದ್ಯನು ತಿರುಗಿ ಕುಳಿತರೆ ಸಾಕು. ಇಂಥ ಶಿಸ್ತಿನಿಂದಾಗಿ ಅಲ್ಲಿನ ವೈದ್ಯನೊಬ್ಬನು ವರ್ಷಕ್ಕೆ ಸುಮಾರು 2000 ಶಸ್ತ್ರಚಿಕಿತ್ಸೆಗಳನ್ನು ಮಾಡಬಲ್ಲವನಾದನು. ಬೇರೆಡೆಯಲ್ಲಿ ಅವನ ಸಹೋದ್ಯೋಗಿಯು ಮಾಡುವುದು ಇದರ ಅಲ್ಪಾಂಶ. ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಭೋಜನಗೃಹಗಳಲ್ಲಿ ಒಂದೇ ಗುಣಮಟ್ಟದ ತಿನಿಸು ಊರೂರಿನಲ್ಲಿಯೂ ದೊರೆಯುವುದನ್ನು ಕಂಡು, ಕಣ್ಣಿನ ಚಿಕಿತ್ಸೆಯನ್ನೂ ಹೀಗೆ ಒದಗಿಸಲು ಏಕಾಗಬಾರದೆಂದು ವೆಂಕಟಸ್ವಾಮಿಯವರು ಚಿಂತಿಸಿದರೆಂಬುದು ಪ್ರಸಿದ್ಧ ಸಂಗತಿ. ಯೋಗಸಾಧಕರೊಬ್ಬರು ವಾಣಿಜ್ಯದಿಂದ ಇಷ್ಟು ವಿನಯದಿಂದ ಕಲಿತಿರುವಾಗ ವಾಣಿಜ್ಯವು ಅವರಿಂದ ಕಲಿಯಲು ಹಿಂಜರಿಯುವುದು ನ್ಯಾಯವಲ್ಲ.

ಮಸೂರದ ಕಥೆಯು ಇನ್ನೂ ಬೋಧಪ್ರದವಾದುದು. ಪೊರೆಯನ್ನು ತೆಗೆದ ಕಣ್ಣಿನೊಳಗೆ ಕೃತಕ ಮಸೂರವನ್ನು ಇಡುವ ವಿಧಾನ ಬಳಕೆಗೆ ಬಂದಾಗ, ಅಂಥ ಒಂದು ಮಸೂರಕ್ಕೆ ಸುಮಾರು 100 ಡಾಲರ್ ಬೆಲೆಯಿತ್ತು. ಹಣವಿದ್ದವನಿಗೆ ಮಸೂರ, ಇಲ್ಲದವನಿಗೆ ದಪ್ಪಗಾಜಿನ ಕನ್ನಡಕ ಎಂಬ ಭೇದವು ಒಂದೇ ಆಸ್ಪತ್ರೆಯ ಸೂರಿನಡಿಯಲ್ಲಿ ಏರ್ಪಟ್ಟಿತು. ಬಡದೇಶಗಳಿಗೆ ಮಸೂರವು ನಿಲುಕತಕ್ಕದ್ದಲ್ಲ, ಕನ್ನಡಕವೇ ಸಾಕು ಎಂದು ಆ ಕಾಲದ ತಜ್ಞರಲ್ಲಿ ಅನೇಕರು ಅಭಿಪ್ರಾಯಪಟ್ಟಿದ್ದರು. ಬೆಲೆಯನ್ನು ಪ್ರಕೃತಿನಿಯಮದಂತೆ ಅಚಲವೆಂದು ಭಾವಿಸುವವರಿಗೆ ಆ ಅಭಿಪ್ರಾಯ ಯುಕ್ತವಾಗಿಯೇ ಕಾಣಬೇಕು. ಆದರೆ ಮದುರೆಯಲ್ಲಿ ಅಚಲವಾಗಿದ್ದದ್ದು ಬೆಲೆಯಲ್ಲ. 1992ರಲ್ಲಿ ಅವರು ಆರೋಲ್ಯಾಬ್ ಎಂಬ ತಯಾರಿಕಾಶಾಲೆಯನ್ನು ಸ್ಥಾಪಿಸಿ ಮಸೂರವನ್ನು ತಾವೇ ಮಾಡತೊಡಗಿದರು. ಅದರ ಬೆಲೆ 10 ಡಾಲರಿನ ಆಸುಪಾಸಿಗೂ, ಮುಂದೆ ಅದಕ್ಕಿಂತ ಕೆಳಕ್ಕೂ ಇಳಿಯಿತು. ಇಂದು ಆ ಮಸೂರಗಳು ನೂರಕ್ಕೂ ಮಿಗಿಲಾದ ದೇಶಗಳಿಗೆ ಹೋಗುತ್ತವೆ. ಅಸಾಧ್ಯವೆಂದು ತಜ್ಞರು ತೀರ್ಪು ಕೊಟ್ಟಿದ್ದ ವಸ್ತುವು ಸಾಧ್ಯವಾದುದಕ್ಕೆ ಕಾರಣ ಕೇವಲ ಕರುಣೆಯಲ್ಲ, ಕೇವಲ ಕೌಶಲವೂ ಅಲ್ಲ. ಯಾವುದನ್ನು ಬಿಟ್ಟುಕೊಡಲಾಗದೆಂಬ ವಿಷಯದಲ್ಲಿ ಸಂದೇಹವೇ ಇಲ್ಲದಿದ್ದಾಗ ಬುದ್ಧಿಗೆ ಹೊಸ ದಾರಿಯನ್ನು ಹುಡುಕದೆ ಗತ್ಯಂತರವಿರುವುದಿಲ್ಲ. ನಿಷ್ಠೆಯು ಕಲ್ಪನೆಗೆ ಶತ್ರುವೆಂದು ಹೇಳುವವರು ಈ ಪ್ರಸಂಗವನ್ನು ಮನನ ಮಾಡಬೇಕು.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಹಳ್ಳಿಗಳಲ್ಲಿ ಉಚಿತ ಶಿಬಿರಗಳನ್ನು ನಡೆಸುತ್ತಿದ್ದಾಗ, ಚಿಕಿತ್ಸೆ ಬೇಕಾಗಿದ್ದವರಲ್ಲಿ ನೂರಕ್ಕೆ ಹತ್ತು ಮಂದಿಯೂ ಶಿಬಿರಕ್ಕೆ ಬರುತ್ತಿಲ್ಲವೆಂಬುದು ಸಮೀಕ್ಷೆಯಿಂದ ಅವರಿಗೆ ತಿಳಿದುಬಂದಿತು. ಶುಲ್ಕವಿಲ್ಲದ ಚಿಕಿತ್ಸೆಗೂ ಜನ ಬರಲಾರರೇಕೆ? ಬಸ್ಸಿನ ಖರ್ಚು, ಊಟದ ಖರ್ಚು, ಜೊತೆಗೆ ಬರುವವನ ಅಂದಿನ ಕೂಲಿಯ ನಷ್ಟ, ಶಸ್ತ್ರದ ಭಯ, ಮುಪ್ಪಿನಲ್ಲಿ ಕಣ್ಣು ಕಾಣದಿರುವುದು ಸಹಜವೆಂಬ ವೈರಾಗ್ಯ, ಇವೆಲ್ಲ ಅಡ್ಡಿಯಾಗಿದ್ದವು. ಸಾಮಾನ್ಯ ವ್ಯಾಪಾರಿಯ ಲೆಕ್ಕದಲ್ಲಿ ಇದು ಬೇಡಿಕೆಯ ಅಭಾವವೆನಿಸಿಕೊಳ್ಳುತ್ತದೆ. ಅವರಾದರೋ ಇದನ್ನು ತಮ್ಮ ಸೇವೆಯ ಅಭಾವವೆಂದು ತಿಳಿದು, ರೋಗಿಗಳನ್ನು ಬಸ್ಸಿನಲ್ಲಿ ಕರೆತಂದು, ಉಣಿಸಿ, ಮಲಗಿಸಿ, ಚಿಕಿತ್ಸೆ ಮಾಡಿ ಮತ್ತೆ ಊರಿಗೆ ಬಿಟ್ಟುಬರುವ ಏರ್ಪಾಡನ್ನು ಮಾಡಿದರು. ಬಾರದವನು ಏಕೆ ಬಾರನೆಂಬ ಪ್ರಶ್ನೆಯು ವಾಣಿಜ್ಯಶಾಸ್ತ್ರದ ಪ್ರಶ್ನೆಯೂ ಹೌದು, ಧರ್ಮಶಾಸ್ತ್ರದ ಪ್ರಶ್ನೆಯೂ ಹೌದು. ಎದುರಿಗೆ ನಿಂತವನಲ್ಲಿ ಮಾತ್ರ ಆತ್ಮವನ್ನು ಕಾಣುವುದು ಸುಲಭ. ದೃಷ್ಟಿಗೆ ಬೀಳದವನಲ್ಲಿಯೂ ಅದೇ ಆತ್ಮವಿದೆಯೆಂದು ತಿಳಿದು, ಆ ತಿಳಿವಿಗೆ ಅನುಗುಣವಾಗಿ ಬಸ್ಸಿನ ವೇಳಾಪಟ್ಟಿಯನ್ನು ತಯಾರಿಸುವುದು ಕಷ್ಟ. ಅದ್ವೈತವು ಆಚಾರದಲ್ಲಿ ಎಷ್ಟು ದೂರ ಇಳಿದು ಬರಬಲ್ಲದೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ತಿಳಿಯದು.

ಹೀಗೆ ಸೇವೆ ಪಡೆದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಏನನ್ನೂ ಕೊಡದವರು, ಇಲ್ಲವೆ ಅತ್ಯಲ್ಪವನ್ನು ಕೊಡುವವರು. ಹಾಗಿದ್ದರೂ ಸಂಸ್ಥೆಯು ತನ್ನ ವೆಚ್ಚವನ್ನು ತಾನೇ ಭರಿಸಿ, ಮಿಗಿಸಿ, ತೇಣಿ, ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿಗಳಲ್ಲಿ ಹೊಸ ಆಸ್ಪತ್ರೆಗಳನ್ನು ಕಟ್ಟಿತು. ಹಣ ಕೊಡುವವರಿಗೂ ಕೊಡದವರಿಗೂ ಕೋಣೆಯ ಸೌಕರ್ಯದಲ್ಲಿ ವ್ಯತ್ಯಾಸವಿದೆ. ಶಸ್ತ್ರ ಹಿಡಿಯುವ ಕೈಯಲ್ಲಿ ವ್ಯತ್ಯಾಸವಿಲ್ಲ, ಅದೇ ವೈದ್ಯರು ಎರಡೂ ಕಡೆ ಸರದಿಯಂತೆ ದುಡಿಯುತ್ತಾರೆ. ಕೊಡುವುದೋ ಬಿಡುವುದೋ ಎಂಬುದನ್ನು ರೋಗಿಯೇ ನಿರ್ಧರಿಸುತ್ತಾನೆ. ಬಡತನಕ್ಕೆ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ಮನುಷ್ಯನ ಮಾತನ್ನು ನಂಬಿದರೆ ಸಂಸ್ಥೆ ದಿವಾಳಿಯಾಗುವುದೆಂಬ ಭಯಕ್ಕೆ ಇದು ಸಾಕಾದಷ್ಟು ಉತ್ತರ.

ಕರ್ನಾಟಕದ ಒಂದು ಉದಾಹರಣೆಯನ್ನೂ ಹೇಳಬಹುದು. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆಯವರು ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೊ ಸಂಸ್ಥೆಯು, ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಬದುಕುತ್ತಿದ್ದ ಮನೆಗಳಿಗೆ ಸೌರದೀಪಗಳನ್ನು ಮುಟ್ಟಿಸಿತು. ಆ ಸೇವೆಗಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಹೊರಲಾರದ ಭಾರವಾದರೂ ದಿನಕ್ಕೆ 10 ರೂಪಾಯಿ ಕೊಡುವುದು ಕಷ್ಟವಲ್ಲವೆಂಬ ಪಾಠವನ್ನು ತಾವು ಅಂಥ ವ್ಯಾಪಾರಿಗಳಿಂದಲೇ ಕಲಿತುದಾಗಿ ಅವರು ಹೇಳಿದ್ದುಂಟು. ಅಂಕಗಣಿತದಲ್ಲಿ ಎರಡೂ ಒಂದೇ. ದಿನದ ಗಳಿಕೆಯನ್ನು ದಿನವೇ ಉಣ್ಣುವವನ ಬಾಳಿನಲ್ಲಿ ಎರಡೂ ಒಂದಲ್ಲ. ಸಾಲದ ಕಂತು ಅವನ ಗಳಿಕೆಯ ಲಯವನ್ನು ಅನುಸರಿಸಬೇಕು. ದೀಪದ ಆಕಾರವು ಅವನ ದುಡಿಮೆಯ ಭಂಗಿಯನ್ನು ಅನುಸರಿಸಬೇಕು. ನಸುಕಿನಲ್ಲಿ ಹೂ ಕೊಯ್ಯುವವರಿಗೂ ಕತ್ತಲೆಯಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೂ ತಲೆಗೆ ಕಟ್ಟಿಕೊಳ್ಳುವ ದೀಪಗಳು ಹುಟ್ಟಿದ್ದು ಹೀಗೆ. ವೇದಾಂತಿಗಳು ಜ್ಞಾನದ ಮೊದಲ ಮೆಟ್ಟಿಲನ್ನು ಶ್ರವಣವೆಂದರು. ತನ್ನ ಗಿರಾಕಿಯು ತನಗಿಂತ ಹೆಚ್ಚು ತಿಳಿದವನೆಂದು ಒಪ್ಪಿ ಕುಳಿತು ಕೇಳಬಲ್ಲ ವ್ಯವಸ್ಥಾಪಕರು ವಿರಳ.

ಇಲ್ಲಿ ಪೂರ್ವಪಕ್ಷವೊಂದನ್ನು ಗೌರವದಿಂದ ಆಲಿಸಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರು 1970ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಕಂಪನಿಯ ವ್ಯವಸ್ಥಾಪಕನು ಷೇರುದಾರರ ಪ್ರತಿನಿಧಿಯೇ ಹೊರತು ಸ್ವತಂತ್ರನಲ್ಲವೆಂದೂ, ಅವನು ಸಮಾಜಸೇವೆಯ ಹೆಸರಿನಲ್ಲಿ ವ್ಯಯಮಾಡುವ ಹಣವು ಪರರದೆಂದೂ, ನ್ಯಾಯದ ಕಟ್ಟಳೆಗಳೊಳಗೆ ನಿಂತು ಲಾಭವನ್ನು ಹೆಚ್ಚಿಸುವುದೇ ವಾಣಿಜ್ಯದ ಸಾಮಾಜಿಕ ಹೊಣೆಯೆಂದೂ ವಾದಿಸಿದರು. ಈ ವಾದದಲ್ಲಿ ತಿರುಳಿದೆ. ಅನ್ಯರ ಹಣವನ್ನು ದಾನಮಾಡಿ ಉದಾರಿಯೆನಿಸಿಕೊಳ್ಳುವುದು ಸುಕೃತವಲ್ಲ. ಆದರೆ ಮದುರೆಯಲ್ಲಿ ಬಡವನಿಗೆ ದೃಷ್ಟಿ ಬಂದದ್ದು ಯಾರ ಹಣವನ್ನು ಬಿಟ್ಟುಕೊಟ್ಟುದರಿಂದಲೂ ಅಲ್ಲ, ಕೆಲಸದ ಕ್ರಮವನ್ನೇ ಹೊಸದಾಗಿ ಕಟ್ಟಿದ್ದರಿಂದ. ಮತ್ತೂ ಒಂದು ಮಾತು. ವ್ಯವಸ್ಥಾಪಕನು ಷೇರುದಾರನ ಪ್ರತಿನಿಧಿಯಾದರೆ, ಷೇರುದಾರನು ಯಾರ ಪ್ರತಿನಿಧಿ? ಈಶಾವಾಸ್ಯದ ಮೊದಲ ಮಂತ್ರದಲ್ಲಿ ತಮ್ಮ ಧರ್ಮದರ್ಶಿತ್ವದ ಸಿದ್ಧಾಂತಕ್ಕೆ ಆಧಾರವನ್ನು ಕಂಡ ಗಾಂಧೀಜಿಯವರು, ಸಂಪತ್ತನ್ನು ಹೊಂದಿದವನು ಅದರ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯತಕ್ಕ ನಂಬಿಕೆಯ ಮನುಷ್ಯನೆಂದರು. ಪ್ರಾತಿನಿಧ್ಯದ ಸರಪಳಿಯನ್ನು ಫ್ರೀಡ್‌ಮನ್ ಅವರು ಒಂದು ಕೊಂಡಿ ಮುಂಚೆಯೇ ನಿಲ್ಲಿಸಿದರೆಂಬುದು ನನ್ನ ಆಕ್ಷೇಪಣೆ. ಷೇರುದಾರನ ಹಣವೂ ರಸ್ತೆಗಳಿಂದ, ನ್ಯಾಯಾಲಯಗಳಿಂದ, ಶಾಲೆಗಳಿಂದ, ಹೆಸರಿಲ್ಲದ ಸಾವಿರಾರು ಜನರ ಪ್ರಾಮಾಣಿಕತೆಯಿಂದ ಬೆಳೆದದ್ದು.

ಈ ಹೊಣೆಯನ್ನು ಇಂದಿನ ಕಾನೂನು ಒಂದು ಬಗೆಯಲ್ಲಿ ಗುರುತಿಸಿದೆ. 2013ರ ಕಂಪನಿಗಳ ಕಾಯಿದೆಯ 135ನೆಯ ಪ್ರಕರಣವು, ನಿರ್ದಿಷ್ಟ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆಂದು ವಿಧಿಸುತ್ತದೆ. ಶಾಲೆಗಳ ಕೊಠಡಿಗಳೂ ಕುಡಿಯುವ ನೀರಿನ ಘಟಕಗಳೂ ಇದರಿಂದ ಆಗಿವೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ 2ರ ವಿನಿಯೋಗವು ಮನಸ್ಸಿಗೆ ಸಮಾಧಾನ ತಂದು, ಉಳಿದ 98 ಬಂದ ಬಗೆಯನ್ನು ಕೇಳದಂತೆ ಮಾಡುವ ಅಪಾಯವುಂಟು. ಈ ವಿಷಯದಲ್ಲಿ ನಮ್ಮ ಹನ್ನೆರಡನೆಯ ಶತಮಾನದ ಕಲ್ಯಾಣದ ಒಂದು ಪ್ರಸಂಗವು ಎಲ್ಲ ಕಾನೂನಿಗಿಂತ ಮುಂದಕ್ಕೆ ಹೋಗಿದೆ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಪತ್ನಿ ಲಕ್ಕಮ್ಮನು ಅದನ್ನು ಮೆಚ್ಚಲಿಲ್ಲ. ಇಷ್ಟು ನಮಗೇಕೆಂದು ಕೇಳಿ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದುಬರುವಂತೆ ಗಂಡನನ್ನು ಕಳುಹಿಸಿದಳೆಂದು ಶರಣಪರಂಪರೆ ಹೇಳುತ್ತದೆ. ಆ ಅಕ್ಕಿಯೂ ದಾಸೋಹಕ್ಕೇ ಸಲ್ಲುತ್ತಿತ್ತು. ಆದರೂ ಅವಳು ಒಪ್ಪಲಿಲ್ಲ. ಮಿಕ್ಕದ್ದನ್ನು ಹೇಗೆ ಹಂಚೋಣವೆಂದು ಕೇಳುವುದಕ್ಕೆ ಮುಂಚೆ ಅದು ಏಕೆ ಬಂತೆಂದು ಕೇಳಿದ ಆ ಗೃಹಿಣಿಯ ವಿವೇಕದಲ್ಲಿ, ದಾಸೋಹವು ಕಾಯಕದ ಮುಂದುವರಿಕೆಯೇ ಹೊರತು ಕಾಯಕದ ದೋಷಕ್ಕೆ ಪ್ರಾಯಶ್ಚಿತ್ತವಲ್ಲವೆಂಬ ತತ್ತ್ವವಿದೆ. ಒಂದು ಸಂಸಾರಕ್ಕೆ ಸಲ್ಲುವ ಈ ಕಟ್ಟುನಿಟ್ಟು ದೊಡ್ಡ ಉದ್ಯಮಕ್ಕೆ ಅಕ್ಷರಶಃ ಸಲ್ಲದು. ಮಿಗುತೆಯಿಲ್ಲದೆ ಹೊಸ ಆಸ್ಪತ್ರೆ ಏಳುತ್ತಿರಲಿಲ್ಲ. ಸಲ್ಲತಕ್ಕದ್ದು ಅವಳ ಪ್ರಶ್ನೆ. ಮಿಗುತೆಯು ಯಾರ ಅಸಹಾಯಕತೆಯಿಂದ ಹುಟ್ಟಿತು, ಯಾರ ಕಡೆಗೆ ಹರಿಯುತ್ತಿದೆ ಎಂದು ವ್ಯವಸ್ಥಾಪಕನು ತನ್ನನ್ನು ಕೇಳಿಕೊಳ್ಳಬಲ್ಲ.

ಈ ಪ್ರಶ್ನೆಯನ್ನು ಕೇಳುವುದನ್ನು ಬಿಟ್ಟರೆ ಸಾಮಾಜಿಕ ಉದ್ಯಮವೂ ಕೆಡುತ್ತದೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಮುಹಮ್ಮದ್ ಯೂನುಸ್ ಅವರು 42 ಜನ ಬಡವರಿಗೆ ಒಟ್ಟು 27 ಡಾಲರಿನಷ್ಟು ಹಣವನ್ನು ಕೊಟ್ಟು ಲೇವಾದೇವಿಗಾರರ ಹಿಡಿತದಿಂದ ಬಿಡಿಸಿದ್ದರಿಂದ ಮೊದಲಾದ ಕಿರುಸಾಲದ ಚಳವಳಿಯು, 1983ರಲ್ಲಿ ಗ್ರಾಮೀಣ ಬ್ಯಾಂಕಾಗಿ, 2006ರಲ್ಲಿ ನೊಬೆಲ್ ಶಾಂತಿ ಪುರಸ್ಕಾರವನ್ನೂ ಪಡೆದು ಜಗತ್ತಿಗೆಲ್ಲ ಮಾದರಿಯಾಯಿತು. ಅದೇ ಕಿರುಸಾಲವನ್ನು ವೇಗದ ಲಾಭಕ್ಕೆ ದಾರಿಯೆಂದು ಹಿಡಿದ ಕಂಪನಿಗಳು ಆಂಧ್ರಪ್ರದೇಶದಲ್ಲಿ ಒಬ್ಬಳೇ ಹೆಂಗಸಿಗೆ ಸಾಲದ ಮೇಲೆ ಸಾಲವನ್ನು ಹೇರಿ, ವಸೂಲಿಗಾಗಿ ಮನೆಬಾಗಿಲಲ್ಲಿ ಅವಮಾನ ಮಾಡಿದವು; ಆತ್ಮಹತ್ಯೆಗಳ ಸುದ್ದಿಗಳು ಬರತೊಡಗಿದಾಗ, 2010ರ ಅಕ್ಟೋಬರಿನಲ್ಲಿ ಅಲ್ಲಿನ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಬಲಾತ್ಕಾರದ ವಸೂಲಿಯನ್ನು ತಡೆಯಲು ಇಂಥದೇ ಆಜ್ಞೆಗೆ ಶರಣು ಹೋಯಿತು. ಸಾಲದ ವಿಧಾನ ಒಂದೇ, ಗುಂಪಿನ ಸಭೆ ಒಂದೇ, ವಾರದ ಕಂತೂ ಒಂದೇ. ಅಚಲವೆಂದು ಹಿಡಿದ ವಸ್ತು ಮಾತ್ರ ಬದಲಾಗಿತ್ತು: ಮೊದಲಲ್ಲಿ ಸಾಲಗಾರ್ತಿಯ ಬಿಡುಗಡೆಯಿದ್ದ ಸ್ಥಾನದಲ್ಲಿ ಸಾಲದ ಮೊತ್ತದ ಬೆಳವಣಿಗೆ ಬಂದು ಕುಳಿತಿತ್ತು.

ನಿಷ್ಕಾಮಕರ್ಮವೆಂದರೆ ಫಲದ ವಿಷಯದಲ್ಲಿ ಉದಾಸೀನತೆಯೆಂದು ತಿಳಿದು, ಧರ್ಮದ ಮಾತಿಗೂ ಲೆಕ್ಕದ ಪುಸ್ತಕಕ್ಕೂ ಆಗಿಬರುವುದಿಲ್ಲವೆಂದು ಹೇಳುವವರಿದ್ದಾರೆ. ಅರವಿಂದ ಆಸ್ಪತ್ರೆಯಲ್ಲಿ ಪ್ರತಿಯೊಬ್ಬ ವೈದ್ಯನ ಶಸ್ತ್ರಚಿಕಿತ್ಸೆಗಳಲ್ಲಿ ಎಷ್ಟರಲ್ಲಿ ತೊಡಕು ಉಂಟಾಯಿತೆಂಬುದನ್ನು ಬಿಡದೆ ಬರೆದಿಡುತ್ತಾರೆ. ಫಲವನ್ನು ಅಳೆಯುವುದರಲ್ಲಿ ಅವರಷ್ಟು ನಿಷ್ಠುರರು ಕಡಿಮೆ. ಆದರೆ ಆಸ್ಪತ್ರೆಯಿಂದ ತಮಗಾಗಿ ಸಂಬಳವನ್ನೇ ಪಡೆಯದೆ, 2006ರಲ್ಲಿ ತೀರಿಕೊಳ್ಳುವವರೆಗೆ ಸರಳವಾಗಿ ಬಾಳಿದ ವೆಂಕಟಸ್ವಾಮಿಯವರು ಆ ಫಲವನ್ನು ತಮ್ಮದೆನ್ನಲಿಲ್ಲ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಬರುವ ಲೋಕಸಂಗ್ರಹವೆಂಬ ಭಾವವನ್ನು ನಾನು ಹೀಗೆಯೇ ಅರ್ಥಮಾಡಿಕೊಂಡಿದ್ದೇನೆ: ಕರ್ಮದಲ್ಲಿ ಪರಮ ಜಾಗರೂಕತೆ, ಫಲದಲ್ಲಿ ಸ್ವಾಮ್ಯದ ತ್ಯಾಗ. ಸಂಬಳವನ್ನು ತ್ಯಜಿಸೆಂದು ನಾನು ಯಾವ ವ್ಯವಸ್ಥಾಪಕನಿಗೂ ಹೇಳಲಾರೆ. ಸಂಸಾರವಂದಿಗನಿಗೆ ಆ ಮಾತು ಸಲ್ಲದು. ಸಂಬಳವನ್ನು ತೆಗೆದುಕೊಂಡೇ, ತನ್ನ ಅಧಿಕಾರದ ಎಲ್ಲೆಯೊಳಗೆ ಅವನು ಮಾಡಬಹುದಾದದ್ದು ಬಹಳವಿದೆ.

ನಮ್ಮ ಕಾರ್ಖಾನೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಹೊಣೆಯ ಸ್ಥಾನಗಳಿಗೆ ಏರುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ತಿಂಗಳ ಸಭೆಗೆ ಮಾರಾಟದ ತಃಖ್ತೆಯ ಜೊತೆಗೆ ಇನ್ನೊಂದು ಹಾಳೆಯನ್ನೂ ತರಿಸಿಕೊಳ್ಳಿರಿ: ನಿಮ್ಮ ಸರಕಾಗಲಿ ಸೇವೆಯಾಗಲಿ ನಿಜವಾಗಿ ಬೇಕಾಗಿದ್ದೂ ಅದನ್ನು ಪಡೆಯಲಾರದೆ ಹೋದವರು ಯಾರು, ಅವರು ಎಲ್ಲಿರುವರು, ಅವರಿಗೆ ಅಡ್ಡಿಯಾದದ್ದು ಬೆಲೆಯೋ, ದೂರವೋ, ಕಂತಿನ ದಿನವೋ, ಭಯವೋ, ನಿಮ್ಮ ಬಾಗಿಲಲ್ಲಿ ಅವರಿಗೆ ದೊರೆತ ಉಪೇಕ್ಷೆಯೋ ಎಂಬುದು ಅದರಲ್ಲಿರಲಿ. ಆ ಹಾಳೆಯನ್ನು ತುಂಬಿಸಲು ಕಚೇರಿಯಲ್ಲಿ ಕುಳಿತು ಸಾಧ್ಯವಾಗದು. ಅಂಥವರ ಮನೆಗೆ ನೀವೇ ಹೋಗಿರಿ, ಅವರು ಹೇಳುವುದನ್ನು ಕೊನೆಯವರೆಗೆ ಕೇಳಿರಿ.